‘ಕಣ್ಣಿಗೆ ಕಟ್ಟು’ ಅನ್ನುವುದರ ನಾಮಪದ ಯಾವುದು?

ಗೆಳೆಯರೇ,

ಕಣ್ಣು ಮುಚ್ಚಿ ಒಂದು ಸೇಬನ್ನು ನೆನೆಸಿಕೊಳ್ಳಿ. ಕೆಲವರಿಗೆ ಸಿಪ್ಪೆಯ ಹೊಳಪೂ ಕಾಣುತ್ತದೆ, ಕೆಲವರಿಗೆ ಮಸುಕು ಮಸುಕು, ಇನ್ನು ಕೆಲವರಿಗೆ ಬರೀ ಕತ್ತಲೆ. ಹೀಗೆ ಒಳಗೆ ಚಿತ್ರ ಮೂಡುವುದನ್ನು ಮನೋವಿಜ್ಞಾನದಲ್ಲಿ ‘ಮೆಂಟಲ್ ಇಮೇಜರಿ’ ಎನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಮನೋವಿಜ್ಞಾನಿ ಡೇವಿಡ್ ಮಾರ್ಕ್ಸ್ 1973ರಲ್ಲಿ ಪ್ರಕಟಿಸಿದ, ಈ ಚಿತ್ರ ಎಷ್ಟು ಸ್ಪಷ್ಟವಾಗಿ ಮೂಡುತ್ತದೆ ಎಂದು ಅಳೆಯುವ 16 ಪ್ರಶ್ನೆಗಳ ಪಟ್ಟಿಯನ್ನು ಕನ್ನಡಕ್ಕೆ ತರಲು ಕೂತಾಗ ಈ ತೊಡಕು ಶುರುವಾಯಿತು. ಮೊದಲು ‘ಕಲ್ಪನೆ’ ಎಂದು ಬರೆದೆ. ಓದಿದ ಗೆಳತಿ ಅಲ್ಲೇ ತಡೆದಳು: “ಕಲ್ಪನೆಗೇನೂ ಕೊರತೆಯಿಲ್ಲ, ಬೇಕಾದಷ್ಟು ಕತೆ ಕಟ್ತೀನಿ. ಚಿತ್ರ ಮಾತ್ರ ಬರಲ್ಲ.” ನಿನ್ನ ಮನೆಗೆ ಎಷ್ಟು ಕಿಟಕಿ ಅಂತ ಕೇಳಿದೆ. ಒಂದೂ ಕಣ್ಮುಂದೆ ಬಾರದೆಯೇ ಲೆಕ್ಕ ಸರಿಯಾಗಿ ಹೇಳಿದಳು. ಅಂದರೆ ನೆನಪೂ ಇದೆ, ಕಲ್ಪನೆಯೂ ಇದೆ. ಇಲ್ಲದಿರುವುದು ಮೂರನೆಯದು, ಅದಕ್ಕೇ ಪದ ಬೇಕಿರುವುದು.

‘ಪ್ರತಿಮೆ’ ಕಾವ್ಯವಿಮರ್ಶೆಯವರ ಕೈಲಿದೆ, ಉಳಿದವರಿಗೆ ಅದು ಕಲ್ಲಿನದು. ‘ಒಳಗಣ್ಣು’ ಅಂದರೆ ಅಧ್ಯಾತ್ಮ. ‘ಒಳನೋಟ’ವೂ ಬೇರೆ ಅರ್ಥಕ್ಕೆ ಹೋಗಿದೆ. ‘ಮನೋಬಿಂಬ’ ಪರವಾಗಿಲ್ಲ, ಆದರೆ ಅದು ಮೂಡಿದ ಚಿತ್ರಕ್ಕೆ ಹೊಂದುತ್ತದೆ, ಮೂಡಿಸುವ ಶಕ್ತಿಗಲ್ಲ.

ತಮಾಷೆ ಏನೆಂದರೆ, ಕ್ರಿಯಾಪದ ನಮ್ಮಲ್ಲಿ ಮೊದಲಿಂದಲೂ ಇದೆ: ‘ಅವರ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.’ ಇದಕ್ಕಿಂತ ಚೆನ್ನಾಗಿ ಹೇಳಲು ಆಗುತ್ತಾ? ಆದರೆ ನಾಮಪದ ಮಾಡಲು ಹೋದರೆ ‘ಕಣ್ಕಟ್ಟು’. ಅದನ್ನು ಜಾದೂಗಾರ ಹೊತ್ತುಕೊಂಡು ಹೋಗಿದ್ದಾನೆ!

ನನ್ನ ಗೆಳತಿ ‘ಕಣ್ಣಿಗೆ ಕಟ್ಟು’ ಎಂಬುದನ್ನು ಇಷ್ಟು ದಿನ ಸುಮ್ನೆ ಒಂದು ನುಡಿಗಟ್ಟು ಅಂದುಕೊಂಡಿದ್ದಳಂತೆ. 1880ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ‘ಬೆಳಗಿನ ತಿಂಡಿಯ ಮೇಜು ಮನಸ್ಸಿನಲ್ಲಿ ಹೇಗೆ ಕಾಣುತ್ತದೆ’ ಎಂದು ಕೇಳಿದಾಗಲೂ ಹೀಗೇ ಆಗಿತ್ತು. ಮನಸ್ಸಿನಲ್ಲಿ ಕಾಣುವುದು ಅನ್ನುವುದೇ ಬರೀ ಮಾತಿನ ಅಲಂಕಾರ ಎಂದು ಕೆಲವು ವಿಜ್ಞಾನಿಗಳು ವಾದಿಸಿದ್ದರು.

ಇನ್ನೊಂದು ಪ್ರಶ್ನೆ. ಚಿತ್ರವೇ ಬಾರದ ಈ ಸ್ಥಿತಿಗೆ ನರವಿಜ್ಞಾನಿ ಆಡಂ ಜೆಮನ್ ಮತ್ತು ಜೊತೆಗಾರರು 2015ರಲ್ಲಿ ಗ್ರೀಕಿನಿಂದ ‘ಅಫ್ಯಾಂಟೇಸಿಯ’ ಎಂಬ ಪದ ಕಟ್ಟಿದರು. ‘ಬಣ್ಣಗುರುಡು’ ಇದ್ದ ಹಾಗೆ ‘ಬಿಂಬಗುರುಡು’ ಅನ್ನಬಹುದು. ಕಿವಿಗೆ ಚೆನ್ನಾಗಿದೆ. ಆದರೆ ಇದು ರೋಗವಲ್ಲ, ‘ಕುರುಡು’ ಎಂದರೆ ಜಾಸ್ತಿಯಾಯಿತು, ಅಲ್ವಾ?

ಸದ್ಯಕ್ಕೆ ‘ಮನಸ್ಸಿನಲ್ಲಿ ಚಿತ್ರ ಮೂಡುವುದು’ ಎಂದು ಉದ್ದಕ್ಕೆ ಬರೆದಿಟ್ಟಿದ್ದೇನೆ. ಹದಿನಾರು ಸಲ ಬರೆದು ಕೈ ಸೋತಿದೆ. ಚಿಕ್ಕ ಪದ ಹೊಳೆದರೆ ತಿಳಿಸಿ.