ಗೆಳೆಯರೊಂದಿಗೆ ಜಿಯೋಕ್ಯಾಶಿಂಗ್: ಅನುಭವ ಇರುವವರು ದಯವಿಟ್ಟು ಹೇಳಿ

ಹಿಲ್ಸ್‌ಬೊರೊದಿಂದ ಪ್ರಶ್ನೆ:
ಒರೆಗಾನ್‌ಗೆ ಬಂದ ಮೇಲೆ ನಮ್ಮ ಗೆಳೆಯರ ಗುಂಪಿನ ವಾರಾಂತ್ಯಗಳೆಲ್ಲ ಊಟ, ಹರಟೆ, ಅಂಗಡಿ ಸುತ್ತಾಟದಲ್ಲೇ ಮುಗಿಯುತ್ತಿವೆ. ಬಯಲಿನಲ್ಲಿ ಓಡಾಡುವ ಹವ್ಯಾಸವೊಂದು ಬೇಕೆನಿಸಿದೆ. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಜಿಯೋಕ್ಯಾಶಿಂಗ್ ದೊಡ್ಡವರಿಗೂ ಹಿಡಿಸುತ್ತದೆಯೇ? ಎಲ್ಲಿಂದ ಆರಂಭಿಸಬೇಕು?

ಬೀವರ್ಟನ್‌ನಿಂದ ಉತ್ತರ:
ಖಂಡಿತ ಹಿಡಿಸುತ್ತದೆ. ನೀವಿರುವುದು ಈ ಆಟದ ತವರಿನಲ್ಲೇ! ಜನಸಾಮಾನ್ಯರಿಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಸರ್ಕಾರ ಬೇಕೆಂದೇ ಸ್ವಲ್ಪ ತಪ್ಪು ಬೆರೆಸುತ್ತಿತ್ತು. 2000ರ ಮೇ ಆರಂಭದಲ್ಲಿ ಅದನ್ನು ನಿಲ್ಲಿಸಿತು. ಕೂಡಲೇ, ಮೇ 3ರಂದು, ಡೇವ್ ಅಲ್ಮರ್ ಎಂಬುವರು ಪೋರ್ಟ್‌ಲ್ಯಾಂಡ್ ಸಮೀಪದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಅಡಗಿಸಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದಲ್ಲಿ ಹಾಕಿದರು. ಮೊದಲು ಪತ್ತೆ ಮಾಡಿದವರು ಮೈಕ್ ಟೀಗ್. ಆ ಜಾಗದಲ್ಲಿ ಈಗ ಸ್ಮಾರಕ ಫಲಕವಿದೆ. ನಿಮ್ಮ ಗುಂಪಿನ ಮೊದಲ ಪಯಣ ಅಲ್ಲಿಗೇ ಆಗಲಿ ಎಂಬುದು ನನ್ನಾಸೆ.

ಒಬ್ಬರೇ ಹುಡುಕುವುದಕ್ಕೂ ಗುಂಪಿನಲ್ಲಿ ಹುಡುಕುವುದಕ್ಕೂ ಬಹಳ ವ್ಯತ್ಯಾಸವಿದೆ. ನಮ್ಮ ಗುಂಪಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ: ಡಬ್ಬಿ ಮೊದಲು ಕಂಡವರು ಕೂಡಲೇ ಬಾಯಿ ಬಿಡುವಂತಿಲ್ಲ. ಅದನ್ನು ಮುಟ್ಟದೆ, ಇನ್ನೂ ಹುಡುಕುತ್ತಿರುವವರಂತೆ ನಾಲ್ಕು ಹೆಜ್ಜೆ ಆಚೆ ನಡೆದು, ಆಮೇಲೆ ಮಾತ್ರ ‘ಕಂಡಿತು’ ಎನ್ನಬೇಕು. ಹೀಗೆ ಒಬ್ಬೊಬ್ಬರಿಗೂ ತಾವೇ ಪತ್ತೆ ಹಚ್ಚಿದ ಸುಖ ಸಿಗುತ್ತದೆ. ಕೊನೆಗೆ ಉಳಿದವರ ಮುಖವನ್ನು ಎಲ್ಲರೂ ಪ್ರೀತಿಯಿಂದ ನೋಡುತ್ತಾ ನಿಲ್ಲುವ ಆ ಕೆಲವು ನಿಮಿಷಗಳಿಗಾಗಿಯೇ ನಾನು ಮಳೆಯಲ್ಲೂ ಹೊರಡುತ್ತೇನೆ. ಯಾರಿಗೆ ಯಾವ ಕಣ್ಣಿದೆ ಎಂಬುದೂ ಇಲ್ಲಿ ತಿಳಿಯುತ್ತದೆ. ನಮ್ಮಲ್ಲಿ ಒಬ್ಬರು ಯಾವಾಗಲೂ ಬೇರುಗಳ ಸಂದಿ ನೋಡುತ್ತಾರೆ, ಇನ್ನೊಬ್ಬರು ಕೈಗೆ ಎಟುಕುವ ಕೊಂಬೆಗಳನ್ನು.

ಒಂದು ಕಿವಿಮಾತು. ಎತ್ತರದ ಡಗ್ಲಸ್ ಫರ್ ಮರಗಳ ಕೆಳಗೆ ಮೊಬೈಲಿನಲ್ಲಿ ದಿಕ್ಕು ತೋರುವ ಬಾಣ ಅತ್ತಿತ್ತ ಹಾರುತ್ತಿರುತ್ತದೆ. ಹತ್ತು ಮೀಟರ್ ಒಳಗೆ ಬಂದಿರೆಂದರೆ ಅದನ್ನು ಜೇಬಿಗಿಳಿಸಿ ಕಣ್ಣನ್ನು ನಂಬಿ. ತಾನಾಗಿ ಬಿದ್ದ ತೊಗಟೆ ಚೆಲ್ಲಾಪಿಲ್ಲಿಯಾಗಿರುತ್ತದೆ. ಒಟ್ಟಾಗಿ ಜೋಡಿಸಿಟ್ಟಂತೆ ಕಂಡರೆ ಅದರ ಹಿಂದೆ ಯಾರದೋ ಕೈ ಇದೆ.

ಸಿಯಾಟಲ್‌ನಿಂದ ಉತ್ತರ:
ಮೇಲಿನವರು ಹೇಳಿದ ನಿಯಮಕ್ಕೆ ನನ್ನ ಪೂರ್ಣ ಸಮ್ಮತಿ. ಆರಂಭಕ್ಕೆ ಜಿಯೋಕ್ಯಾಶಿಂಗ್ ಜಾಲತಾಣದ ಉಚಿತ ಸದಸ್ಯತ್ವ ಸಾಕು, ಜಿಪಿಎಸ್ ಯಂತ್ರ ಕೊಳ್ಳಬೇಡಿ, ಮೊಬೈಲ್ ಆ್ಯಪ್ ಇದ್ದರಾಯಿತು. ಪ್ರತಿ ಕ್ಯಾಶ್‌ಗೂ (ಬಚ್ಚಿಟ್ಟ ಡಬ್ಬಿಗೆ ಇದೇ ಹೆಸರು) ಎರಡು ಅಂಕಗಳಿರುತ್ತವೆ: ಹುಡುಕಲು ಎಷ್ಟು ಕಷ್ಟ, ಹಾದಿ ಎಷ್ಟು ಕಷ್ಟ. ಎರಡೂ 1ರಿಂದ 5ರವರೆಗೆ. ಮೊದಲು ಎರಡೂ ಒಂದೂವರೆ ದಾಟದಂಥವನ್ನು, ಊಟದ ಡಬ್ಬಿಯಷ್ಟಾದರೂ ಗಾತ್ರ ಇರುವಂಥವನ್ನು ಆರಿಸಿಕೊಳ್ಳಿ. ಬೆರಳ ತುದಿಯಷ್ಟಿರುವ, ಅಯಸ್ಕಾಂತದಿಂದ ಕಂಬಿಗೆ ಅಂಟಿಕೊಂಡಿರುವ ಪುಟಾಣಿಗಳೂ ಇವೆ. ಅವುಗಳಿಂದ ಆರಂಭಿಸಿದರೆ ಗುಂಪಿನ ಉತ್ಸಾಹ ಬೇಗ ಇಳಿಯುತ್ತದೆ.

ಪೆನ್ನು ಕಡ್ಡಾಯ, ಏಕೆಂದರೆ ಸಣ್ಣ ಡಬ್ಬಿಯಲ್ಲಿ ಸಹಿ ಹಾಕುವ ಸುರುಳಿ ಕಾಗದಕ್ಕಷ್ಟೇ ಜಾಗವಿರುತ್ತದೆ. ದೊಡ್ಡದರಲ್ಲಿ ಆಟಿಕೆ, ನಾಣ್ಯ ಮುಂತಾದವು ಇರುತ್ತವೆ. ಒಂದನ್ನು ತೆಗೆದುಕೊಂಡರೆ ಅದಕ್ಕೆ ಸಮನಾದುದನ್ನೋ ಅದಕ್ಕಿಂತ ಒಳ್ಳೆಯದನ್ನೋ ಇಡಿ. ತಿಂಡಿ ಮಾತ್ರ ಬೇಡ, ವಾಸನೆ ಹಿಡಿದು ಪ್ರಾಣಿಗಳು ಡಬ್ಬಿಯನ್ನೇ ಕಚ್ಚಿ ಒಡೆಯುತ್ತವೆ. ಸಂಖ್ಯೆ ಕೊರೆದ ಲೋಹದ ಬಿಲ್ಲೆ ಸಿಕ್ಕಿತೆಂದರೆ ಅದು ‘ಟ್ರಾವೆಲ್ ಬಗ್’. ಕ್ಯಾಶ್‌ನಿಂದ ಕ್ಯಾಶ್‌ಗೆ ಪ್ರಯಾಣ ಮಾಡುವ ವಸ್ತು ಅದು, ಇಟ್ಟುಕೊಳ್ಳುವಂತಿಲ್ಲ. ಮುಂದಿನ ಡಬ್ಬಿಗೆ ಸಾಗಿಸಿ, ಆ್ಯಪ್‌ನಲ್ಲಿ ದಾಖಲಿಸಿ. ಯಾರೋ ದೂರದ ಊರಿನಲ್ಲಿ ಕುಳಿತು ಅದರ ದಾರಿ ನೋಡುತ್ತಿರುತ್ತಾರೆ.

ಬೀವರ್ಟನ್‌ನಿಂದ ಮತ್ತೊಂದು ಮಾತು:
ಮೂರು ಮೂರು ಎಲೆಗಳ ಪಾಯ್ಸನ್ ಓಕ್ ಗಿಡವನ್ನು ಚಿತ್ರ ನೋಡಿ ಗುರುತಿಟ್ಟುಕೊಳ್ಳಿ. ಪೊದೆಗೆ ಕೈ ಹಾಕುವ ಮುನ್ನ ಇದು ಎಲ್ಲರಿಗೂ ಗೊತ್ತಿರಲಿ, ಸೋಕಿದರೆ ವಾರಗಟ್ಟಲೆ ತುರಿಕೆ.

ವ್ಯಾಂಕೂವರ್‌ನಿಂದ (ವಾಷಿಂಗ್ಟನ್ ರಾಜ್ಯದ್ದು) ಉತ್ತರ:
ಊರಿನಿಂದ ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಮನೆಯೊಳಗೇ ಕೂರುವ ಕಷ್ಟ ನಮ್ಮಲ್ಲಿ ಅನೇಕರಿಗೆ ಗೊತ್ತು. ಅವರನ್ನೂ ಕರೆದುಕೊಂಡು ಹೋಗಿ. ಹಾದಿಯ ಅಂಕ 1 ಎಂದಿದ್ದರೆ ಗಾಲಿಕುರ್ಚಿಯಲ್ಲೂ ತಲುಪಬಹುದು ಎಂದರ್ಥ. ನಮ್ಮ ತಂದೆಯವರು, ಡಬ್ಬಿ ಇಟ್ಟವರು ಕೊಡುವ ಸುಳಿವುಗಳ ಗೂಢಲಿಪಿ ಬಿಡಿಸುವ ಕೆಲಸವನ್ನು ತಮ್ಮದಾಗಿಸಿಕೊಂಡರು. ಇಂಗ್ಲಿಷ್ ಅಕ್ಷರವನ್ನು 13 ಸ್ಥಾನ ಸರಿಸಿ ಬರೆದಿರುತ್ತಾರೆ. ಆ್ಯಪ್ ಒಂದೇ ಒತ್ತಿಗೆ ಬಿಡಿಸಿಕೊಡುತ್ತದೆ, ಆದರೂ ಅವರಿಗೆ ಕಾಗದ ಪೆನ್ಸಿಲ್ಲೇ ಬೇಕು. ಅವರು ಬಿಡಿಸುವವರೆಗೆ ನಾವು ಗೆಳೆಯರೆಲ್ಲ ಕಾಯುತ್ತೇವೆ, ಥರ್ಮಾಸ್‌ನಿಂದ ಕಾಫಿ ಬಗ್ಗಿಸಿಕೊಳ್ಳುತ್ತೇವೆ.

ಡಬ್ಬಿ ಸಿಗದ ದಿನಗಳೂ ಬರುತ್ತವೆ. ಆಗಲೂ ‘ಸಿಗಲಿಲ್ಲ’ ಎಂದು ಆ್ಯಪ್‌ನಲ್ಲಿ ಬರೆಯಿರಿ. ಅದು ಕಳೆದುಹೋಗಿದೆಯೇ ಎಂದು ಇಟ್ಟವರು ಬಂದು ನೋಡಲು ಆ ಒಂದು ಸಾಲೇ ಆಧಾರ. ಸಿಕ್ಕರೆ ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಮುಚ್ಚಿಡಿ. ಈ ಭಾನುವಾರ ಹೊರಡುವುದಾದರೆ ತಿಳಿಸಿ, ನಾವೂ ಬರುತ್ತೇವೆ.