ಗಾದಿ ಮೇಲೆ ಕೂತಾಗ ರಿವಾಲ್ವರ್ ಎಲ್ಲಿಡೋದು?

ದಲಾಲಿ_ಅಂಗಡಿ: ದಾವಣಗೆರೆ ಎಪಿಎಂಸಿಯಲ್ಲಿ ನಮ್ಮದು ಮೆಕ್ಕೆಜೋಳದ ವ್ಯಾಪಾರ. ಅಪ್ಪನಿಗೆ 70 ದಾಟಿತು ಅಂತ ಅವರ ಪಾಯಿಂಟ್ 32 ರಿವಾಲ್ವರ್ ಹೋದ ವರ್ಷ ನನ್ನ ಹೆಸರಿಗೆ ಆಯಿತು. ಬ್ಯಾಂಕಿನಿಂದ ದುಡ್ಡು ತರುವಾಗ ಸೊಂಟದಲ್ಲಿ ಇರುತ್ತದೆ, ಮೇಲೆ ಜುಬ್ಬಾ. ಅಲ್ಲಿಯವರೆಗೆ ಸರಿ. ಗಾದಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಪಕ್ಕೆಗೆ ಚುಚ್ಚುತ್ತದೆ. ಅದಕ್ಕೇ ಬಿಚ್ಚಿ ಗಲ್ಲಾಪೆಟ್ಟಿಗೆಯಲ್ಲಿ ಲೆಕ್ಕದ ಪುಸ್ತಕದ ಕೆಳಗೆ ಇಡುತ್ತಿದ್ದೆ.

ಮೊನ್ನೆ ಟೆಂಡರ್ ಮುಗಿದ ಮೇಲೆ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋದೆ. ಕೀಲಿ ಹಾಕಿರಲಿಲ್ಲ. ವಾಪಸ್ ಬಂದರೆ ಹಮಾಲಿ ಹುಡುಗ ಚಿಲ್ಲರೆ ಹುಡುಕೋಕೆ ಪೆಟ್ಟಿಗೆ ತೆಗೆದು, ಪುಸ್ತಕ ಎತ್ತಿ ಹಿಡಿದು ಸುಮ್ನೆ ನಿಂತಿದ್ದ. ಮುಟ್ಟಿರಲಿಲ್ಲ. ‘ಅಣ್ಣ, ಇದು ನಿಜದ್ದಾ?’ ಅಂದ. ಆರೂ ಗುಂಡು ಒಳಗೇ ಇದ್ದವು. ರಾತ್ರಿ ನಿದ್ದೆ ಬರಲಿಲ್ಲ.

ದಿನವೆಲ್ಲ ಕೂತು ಕೆಲಸ ಮಾಡೋರು ಎಲ್ಲಿಡುತ್ತೀರಿ?

ದುರ್ಗದ_ದಫೇದಾರ್: ತಮ್ಮಾ, ನಾನು ರಿಟೈರ್ ಆದವನು, ಬೇಜಾರು ಮಾಡ್ಕೋಬೇಡ. 2016ರ ಆಯುಧ ನಿಯಮ ಹೇಳೋದು ಇಷ್ಟೇ: ಹೊರಗೆ ಒಯ್ದರೆ ಹೋಲ್‌ಸ್ಟರ್‌ನಲ್ಲಿ ಮೈಮೇಲೆ, ಇಲ್ಲಾ ಬೆನ್ನುಚೀಲದಂಥದ್ದರಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ನಿನ್ನ ಹತೋಟಿಯಲ್ಲಿರಬೇಕು. ಕೀಲಿ ಇಲ್ಲದ ಗಲ್ಲಾ ಯಾರ ಹತೋಟಿ? ಆ ಹುಡುಗ ಕೈಗೆ ತಗೊಂಡಿದ್ದರೆ ಉತ್ತರ ಕೊಡಬೇಕಾದವನು ನೀನು.

ಚುನಾವಣೆ ಬಂದಾಗ ಠಾಣೆಯಲ್ಲಿ ಆಯುಧ ಜಮಾ ಮಾಡಿಕೊಳ್ಳೋದು ನನ್ನ ಕೆಲಸವಾಗಿತ್ತು. ಟವೆಲ್ ಸುತ್ತಿಕೊಂಡು ಬರೋರು, ಊಟದ ಡಬ್ಬಿ ಚೀಲದಲ್ಲಿ ತರೋರು. ‘ಖಾಲಿ ಇದೆ ಸಾರ್’ ಅನ್ನೋರು. ತೆರೆದು ನೋಡಿದರೆ ಒಂದು ಗುಂಡು ಕೂತಿರೋದು. ಖಾಲಿ ಅನ್ನೋ ಮಾತನ್ನು ನಾನು ಯಾವತ್ತೂ ನಂಬಿಲ್ಲ.

ಹರಿಹರ_ರೈಸ್‌ಮಿಲ್: ನನ್ನದೂ ಇದೇ ಗೋಳಾಗಿತ್ತು. ಟೇಬಲ್ ಕೆಳಗೆ ಸಣ್ಣ ತಿಜೋರಿ ತಂದು ಗೋಡೆಗೆ ಬೋಲ್ಟ್ ಹಾಕಿಸಿದೆ. ಬೋಲ್ಟ್ ಇಲ್ಲದಿದ್ದರೆ ಕಳ್ಳ ತಿಜೋರಿಯನ್ನೇ ಹೊತ್ತುಕೊಂಡು ಹೋಗುತ್ತಾನೆ, ಅಲ್ವಾ? ಒಳಗಿಡುವ ಮುಂಚೆ ಗುಂಡು ತೆಗೆದು ಬೇರೆ ಕಡೆ ಇಡುತ್ತೇನೆ. ಕೀಲಿ ನನ್ನ ಹತ್ತಿರ ಮಾತ್ರ, ಗುಮಾಸ್ತನಿಗೂ ಕೊಟ್ಟಿಲ್ಲ. ಕಾರಿನ ಡ್ಯಾಶ್‌ಬೋರ್ಡ್‌ನಲ್ಲಂತೂ ಬಿಡಲೇಬೇಡಿ.

ಇನ್ನೊಂದು ಮಾತು. ರೈತರ ದುಡ್ಡು ಈಗ ಜಾಸ್ತಿ ಖಾತೆಗೇ ಹೋಗುತ್ತೆ. ನಗದು ತರದ ದಿನವೂ ಅದನ್ನು ಯಾಕೆ ಹೊತ್ತು ತಿರುಗುತ್ತೀರಿ?

ದಲಾಲಿ_ಅಂಗಡಿ: ನಿಜ ಹೇಳಲಾ? ಹೊಸದು ಅಂತ ಒಂಥರಾ ಖುಷಿ ಇತ್ತು. ಈಗ ಮನೆಯ ಬೀರುವಿನಲ್ಲಿ ಕೀಲಿ ಹಾಕಿ ಇಟ್ಟಿದ್ದೇನೆ, ಗುಂಡು ಬೇರೆ ಖಾನೆಯಲ್ಲಿ. ಅಂಗಡಿಗೆ ತಿಜೋರಿ ಹೇಳಿದ್ದೇನೆ, ಬೋಲ್ಟ್ ಸಮೇತ.

ಇಷ್ಟು ವರ್ಷ ಗಾದಿ ಮೇಲೆ ಹೇಗೆ ಕೂರುತ್ತಿದ್ದಿರಿ ಅಂತ ಅಪ್ಪನನ್ನು ಕೇಳಿದೆ. ‘ಅದನ್ನು ಅಂಗಡಿಗೆ ತಂದವರು ಯಾರು? ಆಯುಧಪೂಜೆಗೆ ಹೊರಗೆ ತೆಗೀತಿದ್ದೆ, ಎಲೆಕ್ಷನ್ ಬಂದರೆ ಠಾಣೆಗೆ ಕೊಡ್ತಿದ್ದೆ’ ಅಂದರು.