ಹೊಸದಾಗಿ ಜೋಡಿಸಿದ ಸೈಕಲ್ಲು, ಚೈನ್ ಕಡೆ ಒಂದೇ ಸಮ ಸದ್ದು. ಅನುಭವ ಇರೋರು ಹೇಳ್ರಿ

ಪ್ರಶ್ನೆ, ದಾವಣಗೆರೆಯಿಂದ:
ಎಲ್ರಿಗೂ ನಮಸ್ಕಾರ. ಹಳೇ ಸ್ಟೀಲ್ ಫ್ರೇಮ್ ಒಂದಕ್ಕೆ ಪೇಂಟ್ ಮಾಡಿಸಿ, ಒಂದೊಂದೇ ಪಾರ್ಟ್ ತರಿಸಿ ಮನೇಲೇ ರೋಡ್ ಸೈಕಲ್ ಜೋಡಿಸಿದೀನಿ. ಮುಂದೆ 50 ಮತ್ತು 34 ಹಲ್ಲಿನ ರಿಂಗು, ಹಿಂದೆ 10 ಸ್ಪೀಡ್ ಕ್ಯಾಸೆಟ್ಟು (ಹತ್ತು ಹಲ್ಲುಚಕ್ರದ ಸೆಟ್ಟು), ಚೈನು ಎಲ್ಲಾ ಹೊಸದು. ವೀಲ್ ಮಾತ್ರ 11 ಸ್ಪೀಡಿಗೆ ಬರೋದು. ಕೊಂಡಜ್ಜಿ ಕಡೆ ಹೋಗಿ ಬಂದೆ, ಹಿಂದುಗಡೆಯಿಂದ ಗರಗರ ಅಂತ ಒಂದೇ ಸಮ ಸದ್ದು, ಜೋರಾಗಿ ತುಳಿದ್ರೆ ಅದರ ಜತೆಗೆ ಕಟ್ ಕಟ್ ಅಂತ ಇನ್ನೊಂದು. ಅಂಗಡಿಲಿ ಕೇಳಿದ್ರೆ ಹೊಸಾದಲ್ವಾ, ಓಡ್ತಾ ಓಡ್ತಾ ಸರಿಹೋಗುತ್ತೆ ಅಂದ್ರು. ನಿಜಾನಾ? ಇಲ್ಲಾಂದ್ರೆ ಎಲ್ಲಿಂದ ಶುರು ಮಾಡ್ಲಿ?

ವಿದ್ಯಾನಗರದಿಂದ:
ತಾನಾಗೇ ಸರಿಹೋಗಲ್ಲ ಸಾರ್. ಹೊಸ ಕೇಬಲ್ಲು ಓಡ್ತಾ ಓಡ್ತಾ ಕೂತ್ಕೊಂಡು ಇನ್ನೂ ಸಡಿಲ ಆಗುತ್ತೆ, ಅಂದ್ರೆ ಗೇರು ಇನ್ನೂ ಕೆಡುತ್ತೆ. ಆದ್ರೆ ಈಗ್ಲೇ ಸ್ಕ್ರೂಡ್ರೈವರ್ ಹಿಡೀಬೇಡ್ರಿ, ಮೊದಲು ಕಿವಿ ಕೊಟ್ಟು ಕೇಳ್ರಿ. ಸೀಟಿಗೆ ಹಗ್ಗ ಕಟ್ಟಿ ಎಲ್ಲಾದ್ರೂ ನೇತಾಕಿ, ಹಿಂದಿನ ವೀಲು ನೆಲ ಬಿಡಬೇಕು ಅಷ್ಟೆ, ಕೈಯಲ್ಲಿ ಪೆಡ್ಲು ನಿಧಾನಕ್ಕೆ ತಿರುಗಿಸ್ತಾ ಸದ್ದು ಎಷ್ಟು ಸುತ್ತಿಗೆ ಒಂದ್ಸಲ ಬರ್ತೈತೆ ಅಂತ ಎಣಿಸ್ರಿ. ಪೆಡ್ಲು ಒಂದು ಸುತ್ತು ಬಂದಾಗೆಲ್ಲಾ ಒಂದ್ಸಲ ಬಂದ್ರೆ ತಪ್ಪು ಮುಂದೆ ಐತೆ, ಪೆಡ್ಲು, ಕ್ರ್ಯಾಂಕು, ರಿಂಗ್ ಬೋಲ್ಟು, ಬಿಬಿ (ಬಾಟಮ್ ಬ್ರಾಕೆಟ್, ಕ್ರ್ಯಾಂಕು ತಿರುಗೋ ಬೇರಿಂಗು) ಇಷ್ಟರಲ್ಲಿ ಒಂದು. ಚೈನಲ್ಲಿ ಒಂದು ಕೊಂಡಿ ಬಿಗಿಯಾಗಿದ್ರೆ ಲೆಕ್ಕ ಬೇರೆ. 108 ಕೊಂಡಿ ಚೈನು ಅಂತ ಇಟ್ಕೊಳ್ರಿ, 50ರ ರಿಂಗಲ್ಲಿ ಎರಡು ಸುತ್ತು ದಾಟಿ ಒಂದ್ಸಲ ಬರುತ್ತೆ, 34ರಲ್ಲಿ ಮೂರು ಸುತ್ತು ದಾಟಿ ಒಂದ್ಸಲ. ರಿಂಗ್ ಬದಲಾಯಿಸಿದ ತಕ್ಷಣ ಲಯ ಹಿಂಗೇ ಬದಲಾದ್ರೆ ಹೆಚ್ಚಾಗಿ ಚೈನೇ. ಜಾಯಿಂಟ್ ಮಾಡಿದ ಪಿನ್ ಹತ್ರಾನೇ ಇರುತ್ತೆ ಸಾಮಾನ್ಯವಾಗಿ, ಎರಡೂ ಕೈಲಿ ಹಿಡಿದು ಚೈನನ್ನ ಅಡ್ಡಕ್ಕೆ ಎಡ ಬಲ ಸ್ವಲ್ಪ ಬಗ್ಗಿಸಿದ್ರೆ ಬಿಟ್ಕೊಳ್ಳುತ್ತೆ. ಇನ್ನು ತುಳಿಯೋದು ನಿಲ್ಲಿಸಿ ಸುಮ್ನೆ ಉರುಳೋವಾಗ್ಲೂ ಸದ್ದು ಬಂದ್ರೆ ಅದು ಚೈನಿಂದಲ್ಲ, ವೀಲಿಂದು. ಫ್ರೀಹಬ್ (ಕ್ಯಾಸೆಟ್ ಕೂರೋ ವೀಲಿನ ನಡುಭಾಗ) ಟಿಕಿಟಿಕಿ ಅನ್ನೋದಂತೂ ಇದ್ದಿದ್ದೇ, ಅದನ್ನ ಲೆಕ್ಕಕ್ಕೆ ತಗೋಬೇಡ್ರಿ.

ಇನ್ನೊಂದು, ವೀಲ್ 11 ಸ್ಪೀಡಿಂದು ಅಂದ್ರಲ್ಲ, 10 ಸ್ಪೀಡ್ ಕ್ಯಾಸೆಟ್ ಹಾಕೋವಾಗ ಹಿಂದೆ 1.85 ಮಿ.ಮೀ. ಸ್ಪೇಸರ್ (ಸಂದು ತುಂಬೋ ತೆಳು ಬಳೆ) ಹಾಕಿದ್ರಾ? ಕೆಲವು 10 ಸ್ಪೀಡ್ ರೋಡ್ ಕ್ಯಾಸೆಟ್ಟಿಗೆ ಅದರ ಮೇಲೆ 1 ಮಿ.ಮೀ.ದು ಇನ್ನೊಂದೂ ಬೇಕು. ಅದಿಲ್ಲಾಂದ್ರೆ ಕ್ಯಾಸೆಟ್ ಹಿಡಿದಿಡೋ ಲಾಕ್‌ರಿಂಗ್ ಪೂರ್ತಿ ಬಿಗಿ ಆದಂಗೆ ಅನ್ಸುತ್ತೆ, ಆದ್ರೆ ಕ್ಯಾಸೆಟ್ ಒಳಗೆ ಅಲ್ಲಾಡ್ತಾ ಇರುತ್ತೆ. ಕೈಲಿ ಹಿಡಿದು ಅಲ್ಲಾಡಿಸಿ ನೋಡ್ರಿ.

ಹರಿಹರದಿಂದ:
ಮನೇಲಿ ಜೋಡಿಸಿದ ಸೈಕಲ್ಲು, ಹಿಂದೆ ಒಂದೇ ಸಮ ಗರಗರ, ಅದೂ ಎಲ್ಲಾ ಗೇರಲ್ಲೂ ಅಂದ್ರೆ ನಾನು ಮೊದಲು ನೋಡೋದು ಒಂದೇ. ಹಿಂದಿನ ಡಿರೇಲರ್‌ನ (ಗೇರ್ ಬದಲಾಯಿಸೋ ಪಾರ್ಟಿನ) ಎರಡು ಪುಲ್ಲಿ, ಅಂದ್ರೆ ಸಣ್ಣ ಗಾಲಿ ನಡುವೆ, ಅವನ್ನ ಹಿಡಿದಿರೋ ಕೇಜಿನ ಒಳಗಡೆ ಒಂದು ಸಣ್ಣ ಲೋಹದ ನಾಲಿಗೆ ಇರುತ್ತೆ. ಚೈನು ಅದರ ಒಳಬದಿಗೆ, ಪುಲ್ಲಿ ಕಡೆಗೆ ಹೋಗ್ಬೇಕು. ಹೊರಬದಿಗೆ ಹಾಕಿದ್ರೂ ಸೈಕಲ್ ಓಡುತ್ತೆ, ಗೇರೂ ಬೀಳುತ್ತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ, ಚೈನು ಮಾತ್ರ ಪ್ರತಿ ಕೊಂಡಿಗೂ ಅದನ್ನ ಉಜ್ಜಿಕೊಂಡೇ ಹೋಗ್ತಿರುತ್ತೆ. ಟಾರ್ಚ್ ಹಾಕಿ ಹಿಂದಿನಿಂದ ನೋಡ್ರಿ, ಆ ನಾಲಿಗೆ ಮೇಲೆ ಬಣ್ಣ ಹೋಗಿ ಹೊಳಪು ಗೆರೆ ಬಿದ್ದಿದ್ರೆ ಅದೇ.

ಕೇಳಿದವರು:
ಅಣ್ಣಾ, ಅದೇ! ಗೆರೆ ಬಿದ್ದಿತ್ತು. ಕ್ವಿಕ್ ಲಿಂಕ್ (ಚೈನು ಬಿಚ್ಚೋ ಕೊಂಡಿ) ಬಿಚ್ಚಿ ಚೈನು ಸರಿಯಾಗಿ ಹಾಕಿದ ಮೇಲೆ ಮುಕ್ಕಾಲು ಪಾಲು ಸದ್ದು ಹೋಯ್ತು. ಸ್ಪೇಸರ್ ಎರಡೂ ಐತೆ, ಕ್ಯಾಸೆಟ್ ಅಲ್ಲಾಡ್ತಿಲ್ಲ. ಈಗ ಉಳಿದಿರೋದು ಎರಡು. ನಡುವಿನ ಎರಡ್ಮೂರು ಗೇರಲ್ಲಿ ಸಣ್ಣಗೆ ಚರಚರ, ಕೇಬಲ್ ಎಷ್ಟು ತಿರುಗಿಸಿದ್ರೂ ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಕಡೆ ಕೆಡುತ್ತೆ. ಮತ್ತೆ ಆ ಕಟ್ ಕಟ್, ಏರಲ್ಲಿ ಮಾತ್ರ, ಬಲಗಾಲು ಒತ್ತಿದಾಗ, ಪೆಡ್ಲು ಒಂದು ಸುತ್ತಿಗೆ ಒಂದ್ಸಲ.

ಚಿತ್ರದುರ್ಗದಿಂದ:
ಎರಡಕ್ಕೂ ನಿಮ್ಮ ಹಳೇ ಫ್ರೇಮು ಮತ್ತೆ ಹೊಸ ಪೇಂಟೇ ಕಾರಣ ಇರಬಹುದು ಅಂತ ನನಗನ್ಸುತ್ತೆ, ಪಾರ್ಟ್ ಏನೂ ಬದಲಾಯಿಸ್ಬೇಡ್ರಿ ಈಗ್ಲೇ.

ಮೊದಲ್ನೇದು ಚರಚರ. ಒಂದು ಕಡೆ ಸರಿಮಾಡಿದ್ರೆ ಇನ್ನೊಂದು ಕಡೆ ಕೆಡುತ್ತೆ ಅಂದ್ರೆ ಹೆಚ್ಚಾಗಿ ಹ್ಯಾಂಗರ್ (ಡಿರೇಲರ್ ಸಿಕ್ಕಿಸೋ ಫ್ರೇಮಿನ ಕಿವಿ) ಸೊಟ್ಟ. ಫ್ರೇಮು 6 ಅಥವಾ 7 ಸ್ಪೀಡ್ ಕಾಲದ್ದಾದ್ರೆ ಹಿಂದುಗಡೆ ಎರಡು ಡ್ರಾಪೌಟ್ (ವೀಲಿನ ಆಕ್ಸಲ್ ಕೂರೋ ಜಾಗ) ನಡುವಿನ ಅಗಲ 126 ಮಿ.ಮೀ. ಇರುತ್ತೆ, ನಿಮ್ಮ ಈಗಿನ ರೋಡ್ ವೀಲಿಗೆ 130 ಬೇಕು. ಕೈಯಲ್ಲಿ ಎಳೆದು ಅಗಲ ಮಾಡಿ ವೀಲ್ ತೂರಿಸಿದ್ರೆ ಕೂರುತ್ತೆ, ಆದ್ರೆ ಎರಡು ಡ್ರಾಪೌಟೂ ಹೊರಗೆ ವಾಲಿರ್ತವೆ, ಹ್ಯಾಂಗರೂ ಅದರ ಜತೆಗೇ ವಾಲುತ್ತೆ, ಆಮೇಲೆ ಬ್ಯಾರೆಲ್ ಅಡ್ಜಸ್ಟರ್ (ಕೇಬಲ್ ಬಿಗಿ ಮಾಡೋ ತಿರುಪು) ಅರ್ಧ ಅರ್ಧ ಸುತ್ತು ಎಷ್ಟು ತಿರುಗಿಸಿದ್ರೂ ಅಷ್ಟೇ. ಅಳತೆ ಮಾಡೋ ಗೇಜ್ ನಿಮ್ಮ ಹತ್ರ ಇಲ್ಲಾಂದ್ರೂ ಒಂದು ದಾರಿ ಐತೆ. ಡಿರೇಲರ್ ಬಿಚ್ಚಿ, ಇನ್ನೊಂದು ಹಿಂದಿನ ವೀಲಿನ ಆಕ್ಸಲ್ ಅನ್ನ ಹ್ಯಾಂಗರ್ ತೂತಿಗೆ ತಿರುಗಿಸ್ರಿ, ಎರಡೂ ಸಾಮಾನ್ಯವಾಗಿ 10 ಮಿ.ಮೀ. ದಪ್ಪ, 1 ಮಿ.ಮೀ. ಪಿಚ್ಚಿನ ಥ್ರೆಡ್ಡೇ, ಕೈಯಲ್ಲೇ ಹೋಗ್ಬೇಕು, ಬಲ ಹಾಕಬಾರ್ದು. ಈಗ ಎರಡು ವೀಲು ಅಕ್ಕಪಕ್ಕ ನಿಂತಿರ್ತವೆ. ಮೇಲೆ, ಕೆಳಗೆ, ಹಿಂದೆ, ಮುಂದೆ ರಿಮ್ಮಿಂದ ರಿಮ್ಮಿಗೆ ಸ್ಕೇಲಲ್ಲಿ ಅಳೀರಿ, ನಾಲ್ಕೂ ಕಡೆ ಒಂದೇ ಬರ್ಬೇಕು. ಬರ್ಲಿಲ್ಲ ಅಂದ್ರೆ ಸ್ಟೀಲ್ ಆದ್ರಿಂದ ನಿಧಾನಕ್ಕೆ ಬಗ್ಗಿಸಿ ಸರಿ ಮಾಡ್ಬಹುದು, ಅದೇ ಸ್ಟೀಲ್ ಫ್ರೇಮಿನ ದೊಡ್ಡ ಅನುಕೂಲ. ಆದ್ರೆ ಮೊದಲು ಡ್ರಾಪೌಟ್ ಅಗಲ ಮಾಡಿಸಿ, ಎರಡೂ ಒಂದಕ್ಕೊಂದು ನೇರ ಮಾಡಿಸಿ, ಆಮೇಲೆ ಹ್ಯಾಂಗರು. ಉಲ್ಟಾ ಮಾಡಿದ್ರೆ ಕೆಲಸ ಎರಡೆರಡು ಸಲ.

ಅದಾದ ಮೇಲೆ ಗೇರ್ ಕೂರಿಸೋದು ಕಷ್ಟ ಇಲ್ಲ. ಕೇಬಲ್ ಬಿಗಿ ಮಾಡ್ತಾ ಹೋಗ್ರಿ, ಚೈನು ಪಕ್ಕದ ದೊಡ್ಡ ಹಲ್ಲುಚಕ್ರಕ್ಕೆ ತಾಗಿ ಸದ್ದು ಶುರುವಾಗುತ್ತೆ, ಅಲ್ಲಿಂದ ಸದ್ದು ನಿಲ್ಲೋವರ್ಗೂ ಒಂಚೂರೊಂಚೂರೇ ಹಿಂದಕ್ಕೆ ಬಿಡ್ರಿ. ಹಿಂದೆ ಅತೀ ದೊಡ್ಡ ಹಲ್ಲುಚಕ್ರದಲ್ಲಿ ಮಾತ್ರ ಗುರ್ ಅಂದ್ರೆ ಮೇಲಿನ ಪುಲ್ಲಿ ಅದಕ್ಕೆ ಹತ್ತಿಕೊಂಡಂಗೆ ಇರುತ್ತೆ, ಡಿರೇಲರ್ ಹಿಂದಿರೋ ಬಿ ಸ್ಕ್ರೂ ಬಿಗಿ ಮಾಡಿ ದೂರ ಮಾಡ್ರಿ.

ಈಗ ಕಟ್ ಕಟ್. ಇದನ್ನ ಹುಡುಕೋಕೆ ಏರೇ ಬೇಕು, ನೇತಾಕಿದ್ರೆ ಗೊತ್ತಾಗಲ್ಲ. ನಮಗೆ ಜೋಗಿಮಟ್ಟಿ ರಸ್ತೆ ಐತೆ, ಭಾರ ಬಿದ್ದಾಗ ಬರೋ ಸದ್ದೆಲ್ಲಾ ಅಲ್ಲಿ ಹೊರಗೆ ಬರುತ್ತೆ. ನೀವು ಬಾತಿ ಗುಡ್ಡದ ಕಡೆ ಟ್ರೈ ಮಾಡ್ರಿ. ಮೊದಲು ಕೂತು ತುಳೀರಿ, ಆಮೇಲೆ ಎದ್ದು ನಿಂತು. ನಿಂತಾಗ ಸದ್ದು ಹೋದ್ರೆ ಸೀಟ್ ಪೋಸ್ಟು ಇಲ್ಲಾ ಸೀಟಿನ ಕ್ಲಾಂಪು, ಬಿಬಿ ಅಲ್ಲವೇ ಅಲ್ಲ. ಫ್ರೇಮ್ ಪೈಪಲ್ಲಿ ಸದ್ದು ಓಡಾಡುತ್ತೆ, ಮೇಲಿಂದು ಕೆಳಗೆ ಕೇಳುತ್ತೆ, ಎಷ್ಟೋ ಜನ ಇದಕ್ಕೇ ಸುಮ್ನೆ ಬಿಬಿ ಬದಲಾಯಿಸಿರೋದು ನೋಡಿದೀನಿ, ಬೇಜಾರಾಗುತ್ತೆ. ನಿಂತ್ರೂ ಬಂತಾ, ಆಗ ಬಲಗಡೆ ಪೆಡ್ಲು ಬಿಚ್ಚಿ ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಹಾಕ್ರಿ. ಎಡಗಡೆ ಪೆಡ್ಲಿಗೆ ಉಲ್ಟಾ ಥ್ರೆಡ್ಡು, ಗೊತ್ತಿರ್ಲಿ. ಆಮೇಲೆ ಚೈನ್‌ರಿಂಗ್ ಬೋಲ್ಟು ಒಂದೊಂದೇ. ಇವೆರಡಕ್ಕೂ ಕಾಸು ಖರ್ಚಿಲ್ಲ.

ಅಲ್ಲೂ ಸಿಗ್ಲಿಲ್ಲ ಅಂದ್ರೆ ಬಿಬಿ. ಪೇಂಟ್ ಮಾಡ್ಸಿದೀರಿ ಅಂದ್ರಲ್ಲ, ಬಿಬಿ ಶೆಲ್ಲಿನ (ಬಿಬಿ ಕೂರೋ ಫ್ರೇಮಿನ ಅಡ್ಡ ಪೈಪಿನ) ಥ್ರೆಡ್ ಒಳಗೂ ಅದರ ಅಂಚಿನ ಮೇಲೂ ಪೇಂಟ್ ಕೂತಿರುತ್ತೆ. ಬಿಬಿಯ ಕಪ್ಪು (ಬೇರಿಂಗ್ ಹಿಡಿದಿರೋ ಬಟ್ಟಲು) ಬರೀ ಲೋಹದ ಮೇಲೆ ಕೂರೋ ಬದ್ಲು ಪೇಂಟ್ ಪದರದ ಮೇಲೆ ಕೂತಿರುತ್ತೆ, ನಾಲ್ಕು ಸಲ ಜೋರಾಗಿ ತುಳಿದ್ರೆ ಪೇಂಟ್ ಪುಡಿಯಾಗಿ ಕಪ್ಪು ಸಡಿಲ. ಕಪ್ಪು ಬಿಚ್ಚಿ ಅಂಚಲ್ಲಿ ಬಣ್ಣದ ಪುಡಿ ಕಂಡ್ರೆ ಅನುಮಾನಾನೇ ಬೇಡ. ಅಂಚನ್ನ ಕೆರೆದು ಲೋಹ ಕಾಣೋ ಹಂಗೆ ಮಾಡಿ, ಥ್ರೆಡ್ ಒಳಗಿಂದು ಗಟ್ಟಿ ಕೂತಿದ್ರೆ ಟ್ಯಾಪ್ (ಥ್ರೆಡ್ ಕೊರೆಯೋ ಸಾಧನ) ಹಾಕಿಸಿ, ಡೀಸೆಲ್ ಹಾಕಿ ಬ್ರಷ್‌ನಲ್ಲಿ ತೊಳೆದು ಒಣಗಿಸಿ, ಗ್ರೀಸ್ ಧಾರಾಳವಾಗಿ ಹಚ್ಚಿ ಹಾಕ್ರಿ. ಇಂಗ್ಲಿಷ್ ಥ್ರೆಡ್ ಆದ್ರೆ ಬಲಗಡೆ ಕಪ್ಪು ಉಲ್ಟಾ ಥ್ರೆಡ್ಡು, ಬಿಚ್ಚೋಕೆ ಬಲಕ್ಕೆ ತಿರುಗಿಸ್ಬೇಕು, ಇದನ್ನ ಮರೆತು ಉದ್ದ ಪಾನಾ ಹಾಕಿ ಒತ್ತಿದ್ರೆ ಶೆಲ್ಲೇ ಹಾಳು. ಬೇರಿಂಗ್ ಹೊರಗೆ ಇರೋ ಶಿಮಾನೋ ಕಪ್ಪಾದ್ರೆ 35ರಿಂದ 50 ನ್ಯೂಟನ್ ಮೀಟರ್, ಎಡಗಡೆ ಕ್ರ್ಯಾಂಕಿನ ಎರಡು ಬೋಲ್ಟು 12ರಿಂದ 14, ಆ ಎರಡನ್ನೂ ಸರದಿ ಮೇಲೆ ಸ್ವಲ್ಪ ಸ್ವಲ್ಪ ಬಿಗಿ ಮಾಡ್ಬೇಕು. ತುದೀಲಿರೋ ಪ್ಲಾಸ್ಟಿಕ್ ಕ್ಯಾಪು ಬೆರಳಲ್ಲಿ ಬಿಗಿ ಮಾಡಿದಷ್ಟು ಸಾಕು. ಟಾರ್ಕ್ ಪಾನಾ ಇಲ್ಲಾಂದ್ರೆ ಪರಿಚಯದ ಗ್ಯಾರೇಜಲ್ಲಿ ಕೇಳಿ ತಗೊಳ್ರಿ, ಅಂದಾಜಲ್ಲಿ ಬಿಗಿ ಮಾಡೋ ಜಾಗ ಅಲ್ಲ ಅದು.

ದಾವಣಗೆರೆಯಿಂದ, ಇನ್ನೊಬ್ಬರು:
ಮೇಲಿನವರು ಎಲ್ಲಾ ಹೇಳಿದಾರೆ, ಎಣ್ಣೆ ವಿಷಯ ಬಿಟ್ಟಿದಾರೆ ಅದಕ್ಕೆ ಬರೀತಿದೀನಿ. ಹೊಸ ಚೈನಿಗೆ ಕಂಪನಿಯವರು ಹಾಕಿರೋ ಅಂಟು ಗ್ರೀಸು ಒಳಗಡೆಗೆ ಒಳ್ಳೇದೇ, ಹೊರಗಡೆ ಮಾತ್ರ ಧೂಳು ಹಿಡಿಯುತ್ತೆ. ಡೀಸೆಲ್ಲಲ್ಲಿ ಮುಳುಗಿಸಿ ಪೂರ್ತಿ ತೆಗೀರಿ ಅನ್ನೋರೂ ಇದಾರೆ, ನನಗೆ ಅದು ಒಪ್ಪಿಗೆ ಇಲ್ಲ, ಚೈನಿಗೆ ಎಣ್ಣೆ ಬದ್ಲು ಮೇಣ ಹಾಕೋರಿಗೆ ಸರಿ, ಉಳಿದೋರು ಹಳೇ ಬನಿಯನ್ ಬಟ್ಟೇಲಿ ಹೊರಗಡೆ ಚೆನ್ನಾಗಿ ಒರೆಸಿದ್ರೆ ಸಾಕು. ನಮ್ಮ ಕಡೆ ಸುಗ್ಗಿಲಿ ಹಳ್ಳಿ ರಸ್ತೆ ಮೇಲೇ ಮೆಕ್ಕೆಜೋಳ ಒಣಗಾಕ್ತಾರೆ, ಅದರ ಹೊಟ್ಟು ಧೂಳು ಎರಡೂ ಸೇರಿ ಎಣ್ಣೆ ಚೈನ್ ಮೇಲೆ ಕೂತ್ರೆ ಹೊಸ ಚೈನೂ ಕರಕರ ಅನ್ನುತ್ತೆ. ಅದಕ್ಕೆ ಇಂಜಿನ್ ಆಯಿಲ್ ಬೇಡ, ಬೇಸಿಗೇಲಿ ಡ್ರೈ ಲ್ಯೂಬು (ಧೂಳು ಕಮ್ಮಿ ಹಿಡಿಯೋ ಚೈನ್ ಎಣ್ಣೆ), ಒಂದೊಂದು ರೋಲರಿಗೆ ಒಂದೇ ಹನಿ, ರಾತ್ರಿ ಹಾಕಿ ಬಿಡ್ರಿ, ಬೆಳಿಗ್ಗೆ ಹೊರಗಡೆ ಎಣ್ಣೆ ಬಟ್ಟೆಗೆ ಹತ್ತದೇ ಇರೋವರ್ಗೂ ಒರೆಸ್ರಿ. ಹಂಗೇ ಮುಂದೆ 50, ಹಿಂದೆ ಅತೀ ದೊಡ್ಡ ಹಲ್ಲುಚಕ್ರ, ಈ ಜೋಡಿ ಹಾಕಬೇಡ್ರಿ, ಚೈನು ಅಡ್ಡಡ್ಡ ಎಳೆದು ಎಷ್ಟು ಟ್ಯೂನ್ ಮಾಡಿದ್ರೂ ಸದ್ದು ಬರುತ್ತೆ. ಬಿಬಿ ಬಿಚ್ಚಿದಾಗ ಅಂಚಿನ ಫೋಟೋ ಹಾಕ್ರಿ ಸಾರ್, ಪೇಂಟ್ ಎಷ್ಟು ಕೂತೈತೆ ನೋಡಿ ಕೆರೆಯೋದು ಸಾಕಾ ಇಲ್ಲಾ ಟ್ಯಾಪೇ ಹಾಕಿಸ್ಬೇಕಾ ಅಂತ ಹೇಳ್ತೀವಿ.